ಸಿಬಿರಿಲ್ಲದ ಅಂಚು

ಜೂನ್ ೪, ಗುರುವಾರ

ಇಂದು ಬೆಳಗ್ಗೆ ಹತ್ತೂವರೆಗೆ, ನಮ್ಮ ಬೀದಿಯ ವಾಚನಾಲಯದಲ್ಲಿ, ನಿಘಂಟಿನ ಮೂರನೆಯ ಸಂಪುಟವನ್ನು ಕಪಾಟಿನಿಂದ ಎಳೆಯುತ್ತಿದ್ದಾಗ, ಹೊಸದಾಗಿ ಹಾಕಿಸಿದ ಪ್ಲೈವುಡ್ ಹಲಗೆಯ ಅಂಚಿನಿಂದ ಒಂದು ಸಿಬಿರು ನನ್ನ ಬಲಗೈ ತೋರುಬೆರಳಿನ ಉಗುರಿನಡಿ ಹೊಕ್ಕಿತು. ಒಂದು ಇಡೀ ಜೀವಮಾನ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆದ ಬೆರಳು ಇದು. ಕೊಲೆಗಾರರ ಹೇಳಿಕೆಯನ್ನೂ ವಕೀಲರ ಕೆಮ್ಮನ್ನೂ ಒಂದೇ ನಿಷ್ಠೆಯಿಂದ ದಾಖಲಿಸಿದ ಬೆರಳು. ನಿವೃತ್ತಿಯಾದ ಮೇಲೆ ಒಂದು ಹಲಗೆಯಿಂದ ಚುಚ್ಚಿಸಿಕೊಳ್ಳಬೇಕಾಯಿತು.

ಬೆರಳು ಹಾಳಾಗಲಿ. ನಿಘಂಟಿನ ಬೆನ್ನಿನ ಬಟ್ಟೆ ಹರಿದು ನೇತಾಡುತ್ತಿದೆ. ಆರು ಕಪಾಟುಗಳಲ್ಲೂ ಇದೇ ಕಥೆ. ಕಬ್ಬಿಣದ ಚೌಕಟ್ಟು ಹಳೆಯದು, ಗಟ್ಟಿಯಾಗಿದೆ. ಹಲಗೆ ಮಾತ್ರ ಹೊಸದು, ಒಂದೊಂದರ ಅಂಚೂ ಇಲಿ ಕಡಿದ ಕಾಗದದ ಹಾಗೆ. ಇದಕ್ಕೆ ಪರಿಹಾರವಾಗಿ ಸಮಿತಿಯವರು ಸೂಚನಾ ಫಲಕದಲ್ಲಿ ಏನು ಅಂಟಿಸಿದ್ದಾರೆ? 'ಹಲಗೆಗಳಿಂದ ಪುಸ್ತಕಗಳಿಗೆ ಹಾನಿಯಾಗುತ್ತಿರುವುದರಿಂದ ತಿಂಗಳ ಕೊನೆಗೆ ಪುಸ್ತಕಗಳನ್ನು ತಾತ್ಕಾಲಿಕವಾಗಿ ಗೋದಾಮಿಗೆ ಸಾಗಿಸಲಾಗುವುದು.' ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

'ತಾತ್ಕಾಲಿಕ' ಎಂಬ ಪದದ ಚರಿತ್ರೆ ಇಡೀ ಬೀದಿಯಲ್ಲಿ ನನಗೊಬ್ಬಳಿಗೇ ನೆನಪಿರುವಂತಿದೆ. ಮಕ್ಕಳ ವಿಭಾಗವೂ ಹಿಂದೊಮ್ಮೆ ತಾತ್ಕಾಲಿಕವಾಗಿಯೇ ಗೋದಾಮಿಗೆ ಹೋದದ್ದು. ಆಗ ಅವುಗಳನ್ನು ಓದುತ್ತಿದ್ದ ಮಕ್ಕಳಿಗೆ ಈಗ ತಲೆ ನರೆಯುತ್ತಿದೆ. ಪುಸ್ತಕಗಳನ್ನು ಗೆದ್ದಲು ಓದಿ ಮುಗಿಸಿತು.

ತಮ್ಮನ ಹೆಂಡತಿ, ನನ್ನ ನಾದಿನಿ, ಹೊಲಿಗೆಯ ಸೂಜಿಯಿಂದ ಸಿಬಿರು ತೆಗೆದಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು, ಕೈ ಹಗುರ, ಬಾಯಿ ಮಾತ್ರ ಅಷ್ಟು ಹಗುರವಲ್ಲ. "ಅತ್ತಿಗೆ, ಕೈ ಅಲ್ಲಾಡಿಸಬೇಡಿ. ಭಾಷಣಾನೂ ಬೇಡ, ಭಾಷಣ ಮಾಡಿದ್ರೆ ಕೈ ತಾನಾಗೇ ಅಲ್ಲಾಡುತ್ತೆ" ಎಂದಳು.

ಜೂನ್ ೭, ಭಾನುವಾರ

ಸಮಿತಿಯ ಸಭೆ. ಕಾರ್ಯದರ್ಶಿ ನಿವೃತ್ತ ಮುಖ್ಯೋಪಾಧ್ಯಾಯ. ಯಾವುದೇ ಪ್ರಶ್ನೆಗೂ 'ನೋಡೋಣ' ಎನ್ನುವುದರಿಂದ ಬೀದಿಯಲ್ಲಿ ಅವರ ಹೆಸರೇ ನೋಡೋಣ ಮೇಷ್ಟ್ರು. ಕಿಟಕಿಯ ಪಕ್ಕದ ಬಲಮೂಲೆ ಅವರದು. ವಾಚನಾಲಯದಲ್ಲಿ ಬೆಳಕೂ ಗಾಳಿಯೂ ಇರುವ ಒಂದೇ ಜಾಗದಲ್ಲಿ ಮೇಜು ಹಾಕಿಕೊಂಡು ಕೂರುತ್ತಾರೆ. ಓದುವವರು ಕತ್ತಲಲ್ಲಿ ತಡಕಾಡಲಿ.

ನಾನು ಎದ್ದು ನಿಂತು ಮೂರು ಪ್ರಶ್ನೆ ಕೇಳಿದೆ. ಹಲಗೆ ಕತ್ತರಿಸಿದ ಗುತ್ತಿಗೆದಾರ ಯಾರು? ಅವನ ಹೆಸರನ್ನು ಏಕೆ ಪ್ರಕಟಿಸಿಲ್ಲ? ಅವನಿಂದಲೇ ಏಕೆ ಸರಿ ಮಾಡಿಸಬಾರದು? ಮೊದಲ ಎರಡಕ್ಕೆ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಮೂರನೆಯದಕ್ಕೆ, ಚಕ್ರದ ಗರಗಸದಲ್ಲಿ ಪ್ಲೈವುಡ್ ಕತ್ತರಿಸಿದರೆ ಸಿಬಿರು ಏಳುವುದು ಅದರ ಗುಣ, ಮಾಡುವಂಥದ್ದು ಏನೂ ಇಲ್ಲ ಎಂದರು. ಹಾಗೆಂದು ಯಾವ ಪುಸ್ತಕದಲ್ಲಿ ಬರೆದಿದೆ ಎಂದು ಕೇಳಿದೆ.

"ಪುಸ್ತಕದಲ್ಲಿ ಯಾಕೆ? ಒಂದು ಹಲಗೆ ಸಿಬಿರಿಲ್ಲದೆ ಕತ್ತರಿಸಿ ತೋರಿಸಿ, ನೋಡೋಣ."

"ಒಂದಲ್ಲ. ಮೂಲೆ ಕಪಾಟಿಂದು ಆರೂ ಹಲಗೆ ಕತ್ತರಿಸಿ ತರ್ತೀನಿ. ಸಿಬಿರು ಇಲ್ಲದಿದ್ರೆ ಪುಸ್ತಕ ಇಲ್ಲೇ ಇರಬೇಕು."

ಇದು ನನ್ನ ಬಾಯಿಂದಲೇ ಬಂದ ಮಾತು. ಸಭೆಯ ನಡಾವಳಿಯಲ್ಲಿ ದಾಖಲಾಗಿದೆ. ಬರೆದುಕೊಂಡವಳೂ ನಾನೇ. ಇಪ್ಪತ್ತೆಂಟನೆಯ ತಾರೀಕಿನ ಭಾನುವಾರ ಗಡುವು. ಆ ದಿನ ಹಲಗೆ ಬರದಿದ್ದರೆ ಮರುದಿನ ಪುಸ್ತಕಗಳು ಗಾಡಿ ಹತ್ತುತ್ತವೆ.

ಮೂಲೆಯ ಕಪಾಟೇ ಎಲ್ಲಕ್ಕಿಂತ ಕಷ್ಟದ್ದೆಂದು ಮನೆಗೆ ಬಂದ ಮೇಲೆ ಹೊಳೆಯಿತು. ಹಿಂಗೋಡೆಯ ಎರಡೂ ಮೂಲೆಗಳಲ್ಲಿ ಚಾವಣಿಯ ನೀರು ಇಳಿಯುವ ದಪ್ಪ ಕೊಳವೆಗಳಿವೆ. ಎಡಮೂಲೆಯ ಕಪಾಟಿನ ಹಲಗೆಗಳಿಗೆಲ್ಲ ಕೊಳವೆ ಕೂರುವಂತೆ ಹಿಂದಿನ ಎಡತುದಿಯಲ್ಲಿ ಚೌಕಾಕಾರದ ಕಚ್ಚು ಹಾಕಬೇಕು.

ಜೂನ್ ೯, ಮಂಗಳವಾರ

ಉಳಿದ ಪ್ಲೈವುಡ್ ಹಾಳೆಗಳು ವಾಚನಾಲಯದಿಂದ ಬಂದವು. ವಾಚನಾಲಯದ ಗರಗಸ ಮಾತ್ರ ಮೇಷ್ಟ್ರ ಮನೆಯಲ್ಲಿತ್ತು, ಮಂಚದ ಕೆಳಗೆ. ಸಾರ್ವಜನಿಕರ ಗರಗಸಕ್ಕೆ ಖಾಸಗಿ ಮಂಚದ ಕೆಳಗೆ ಏನು ಕೆಲಸ? ಕೇಳಿದೆ. ಅವರು ಅದರ ಮೇಲಿನ ಮರದ ಹುಡಿಯನ್ನು ಟವೆಲ್ಲಿನಿಂದ ಒರೆಸಿ ಕೊಟ್ಟರು. ಗುತ್ತಿಗೆದಾರ ಹಿಂದಿರುಗಿಸುವಾಗ ಒರೆಸಿಯೂ ಕೊಟ್ಟಿಲ್ಲ ಎಂದಾಯಿತು. ಇದನ್ನೂ ಗುರುತು ಹಾಕಿಕೊಂಡಿದ್ದೇನೆ.

ಜೂನ್ ೧೦, ಬುಧವಾರ

ತಮ್ಮ ರಾತ್ರಿ ಬಸ್ಸು ಓಡಿಸುತ್ತಾನೆ, ಹಗಲು ಮಲಗುತ್ತಾನೆ. ಅವನು ಎದ್ದ ಮೇಲೆ ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಗರಗಸಕ್ಕೆ ಅನುಮತಿ.

ಗರಗಸದ ಜೊತೆಗಿದ್ದ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಬಾರಿ ಓದಿದೆ. ತುಂಡು ಹಲಗೆಯೊಂದನ್ನು ಎರಡು ಕುರ್ಚಿಗಳ ನಡುವೆ ಇಟ್ಟು, ಕನ್ನಡಕದ ಮೇಲೊಂದು ರಕ್ಷಣೆಯ ಕನ್ನಡಕ ಹಾಕಿ, ಗುಂಡಿ ಒತ್ತಿದೆ. ಸದ್ದಿಗೆ ಎದುರು ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಹಲಗೆ ತುಂಡಾಯಿತು. ಅದರ ಜೊತೆಗೆ ಕುರ್ಚಿಯೂ ಅರ್ಧ ತುಂಡಾಯಿತು. ಅಲಗನ್ನು ಎಷ್ಟು ಕೆಳಗೆ ಇಳಿಸಬೇಕೆಂದು ಕೈಪಿಡಿಯ ಹನ್ನೊಂದನೆಯ ಪುಟದಲ್ಲಿದೆ; ಹಲಗೆಯ ದಪ್ಪಕ್ಕಿಂತ ಒಂದಿಷ್ಟೇ ಹೆಚ್ಚು. ಓದಿದ್ದೆ. ಆದರೆ ಓದಿದ್ದು ತಲೆಯಲ್ಲಿತ್ತು, ತಿರುಪು ಗರಗಸದಲ್ಲಿತ್ತು.

ಅಂಚು ವಾಚನಾಲಯದ ಅಂಚಿಗಿಂತ ಕೆಟ್ಟದಾಗಿದೆ. ಗರಗಸ ಕೆಟ್ಟದು. ಪ್ಲೈವುಡ್ಡೂ ಕೆಟ್ಟದು.

ಜೂನ್ ೧೧, ಗುರುವಾರ

ಕುರ್ಚಿಯ ವಿಷಯ ತಮ್ಮನಿಗೆ ಗೊತ್ತಾಯಿತು. ಅದರ ಮೇಲೆ ಕೂತಾಗ ಗೊತ್ತಾಯಿತು.

ಜೂನ್ ೧೩, ಶನಿವಾರ

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹಳೆಯ ಅಲಗು ತೋರಿಸಿದೆ. ಅದು ತೊಲೆ ಸೀಳುವುದಕ್ಕೆ ಇರುವ ದೊಡ್ಡ ಹಲ್ಲಿನದು. ಬಾಚಣಿಗೆಯಂತೆ ಒತ್ತೊತ್ತಾಗಿ ಸಣ್ಣ ಹಲ್ಲಿರುವ ಅಲಗು ತಂದೆ. ತಮ್ಮನೇ ಕೂರಿಸಿಕೊಟ್ಟ, ಉಳಿದ ಕುರ್ಚಿಗಳ ಹಿತದೃಷ್ಟಿಯಿಂದ.

ಅಂಚು ಸುಧಾರಿಸಿತು, ಆದರೂ ಮೇಲ್ಭಾಗದಲ್ಲಿ ಎಳೆ ಎಳೆಯಾಗಿ ನಾರು ಎದ್ದಿತ್ತು. ಸಿಟ್ಟಿನಿಂದ ಹಲಗೆಯನ್ನು ನೆಲಕ್ಕೆ ಎಸೆದೆ. ಅದು ಬೋರಲಾಗಿ ಬಿತ್ತು. ನನ್ನ ಸಿಟ್ಟು ತಣಿಯಲಿ ಎಂದು ದೂರ ನಿಂತಿದ್ದ ನಾದಿನಿ ಬಗ್ಗಿ ನೋಡಿ, "ಅತ್ತಿಗೆ, ಕೆಳಗಡೆ ನೋಡಿ. ಇಸ್ತ್ರಿ ಮಾಡಿದ ಹಾಗಿದೆ" ಎಂದಳು.

ಹೌದು, ಕೆಳಗಿನ ಮುಖ ನುಣ್ಣಗಿತ್ತು. ಗರಗಸವನ್ನು ತಿರುಗಿಸಿ, ಪ್ಲಗ್ ಕಿತ್ತು, ಅಲಗನ್ನು ಬೆರಳಿನಿಂದ ನಿಧಾನವಾಗಿ ಸುತ್ತಿ ನೋಡಿದೆವು. ಹಲ್ಲುಗಳು ಹಲಗೆಯನ್ನು ಕೆಳಗಿನಿಂದ ಕಚ್ಚಿ ಮೇಲಕ್ಕೆ ಬರುತ್ತವೆ. ಒಳಗೆ ಹೋಗುವಾಗ ಪದರವನ್ನು ಒತ್ತುತ್ತವೆ, ಹೊರಗೆ ಬರುವಾಗ ಎತ್ತಿ ಒಡೆಯುತ್ತವೆ. ಹಾಗಾದರೆ ಹಲಗೆಯ ಒಳ್ಳೆಯ ಮುಖವನ್ನು ಕೆಳಗೆ ಮಾಡಿ ಕತ್ತರಿಸಬೇಕು.

ಇಬ್ಬರೂ ನೆಲದ ಮೇಲೆ ಕೂತು ಆ ಅಂಚನ್ನು ಬಹಳ ಹೊತ್ತು ಸವರಿದೆವು. ಸಂಜೆ ಪತ್ರಿಕೆ ಓದುವುದು ಮರೆತುಹೋಯಿತು.

ಜೂನ್ ೧೬, ಮಂಗಳವಾರ

ಒಳ್ಳೆಯ ಮುಖ ಕೆಳಗಾಯಿತು. ಆದರೆ ಹಿಂಭಾಗದ ಮುಖ ಸಿಬಿರೆದ್ದರೆ ಅದೂ ಬೆರಳಿಗೆ ಚುಚ್ಚುತ್ತದೆ. ಗೆರೆಯ ಉದ್ದಕ್ಕೂ ಚಾಕುವಿನಿಂದ ಗೀರಿದರೆ ನಾರು ಅಲ್ಲಿಗೇ ತುಂಡಾಗಿರುತ್ತದೆ, ಮೇಲೇಳುವುದಿಲ್ಲ. ಇದು ನನ್ನ ಶೋಧ. ಗೆರೆಯ ಮೇಲೆ ಕಾಗದದ ಅಂಟುಪಟ್ಟಿ ಹಚ್ಚುವುದು ನಾದಿನಿಯ ಶೋಧ. ಅವಳ ಶೋಧವನ್ನು ಅವಳೇ ಹಾಳುಮಾಡಿದಳು. ಕತ್ತರಿಸಿದ ಮೇಲೆ ಪಟ್ಟಿಯನ್ನು ಸರ್ರನೆ ಕಿತ್ತಾಗ ಅದರ ಜೊತೆಗೆ ಮರದ ಸಿಪ್ಪೆಯೂ ಕಿತ್ತು ಬಂತು. ಈಗ ಪಟ್ಟಿಯನ್ನು ನಿಧಾನವಾಗಿ, ಹಿಂದಕ್ಕೆ ಚಪ್ಪಟೆಯಾಗಿ ಮಡಿಸುತ್ತ ತೆಗೆಯುತ್ತೇವೆ, ಗಾಯದ ಪಟ್ಟಿ ಬಿಚ್ಚಿದಂತೆ.

ಇವತ್ತಿನ ಇನ್ನೊಂದು ಪಾಠ. ಅರ್ಧ ಕತ್ತರಿಸಿದ್ದಾಗ ಎದುರು ಮನೆಯವರು ಬಂದು ಈ ಸದ್ದು ಎಷ್ಟು ದಿನ ಎಂದು ಕೇಳಿದರು. ನಾನು ಗರಗಸವನ್ನು ಅಲ್ಲೇ ನಿಲ್ಲಿಸಿಕೊಂಡು ನಾಗರಿಕರ ಹಕ್ಕುಗಳ ಬಗ್ಗೆ ಸೂಕ್ತ ಉತ್ತರ ಕೊಟ್ಟೆ. ಉತ್ತರ ಮುಗಿಯುವಷ್ಟರಲ್ಲಿ ಆ ಜಾಗ ಸುಟ್ಟು ಕಪ್ಪಾಗಿತ್ತು. ಗರಗಸ ಪೂರ್ತಿ ವೇಗಕ್ಕೆ ಬಂದ ಮೇಲೆ ಹಲಗೆಗೆ ತಾಗಿಸಬೇಕು, ತಾಗಿಸಿದ ಮೇಲೆ ಒಂದೇ ನಡಿಗೆಯಲ್ಲಿ ಕೊನೆಯವರೆಗೆ ಹೋಗಬೇಕು. ನಡುವೆ ಮಾತು ಕೂಡದು.

ಜೂನ್ ೧೮, ಗುರುವಾರ

ನೋಡೋಣ ಮೇಷ್ಟ್ರು 'ಪರಿಶೀಲನೆಗೆ' ಬಂದರು. ಕುರ್ಚಿ ಕೊಟ್ಟೆವು, ಗಟ್ಟಿಯಾಗಿರುವುದನ್ನೇ. ನಾವು ಈಗ ಹಲಗೆಯ ಕೆಳಗೆ ಉದ್ದಕ್ಕೂ ಥರ್ಮೋಕೋಲ್ ಹಾಳೆ ಹಾಸುತ್ತೇವೆ, ಕತ್ತರಿಸಿದ ತುಂಡು ಜೋತು ಬಿದ್ದು ತುದಿ ಮುರಿಯದಿರಲಿ ಎಂದು. ನೇರವಾದ ಮರದ ಪಟ್ಟಿಯೊಂದನ್ನು ಹಲಗೆಗೆ ಬಿಗಿದು ಗರಗಸವನ್ನು ಅದಕ್ಕೆ ಒರಗಿಸಿಕೊಂಡು ಓಡಿಸುತ್ತೇವೆ. ಪಟ್ಟಿ ಜಾರದಂತೆ ಒಂದು ತುದಿಯಲ್ಲಿ ನಾದಿನಿ ಕೂರುತ್ತಾಳೆ. ಮೇಷ್ಟ್ರು ಇದನ್ನೆಲ್ಲ ನೋಡಿ, ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಒಂದು ಸಲ ಓಡಿಸಿದರು, ಮತ್ತೊಂದು ಸಲ ಓಡಿಸಿದರು. ಕೊಟ್ಟ ಚಹಾ ಮುಟ್ಟದೆ ಹೋದರು. ಸೋಲು ಒಪ್ಪಿಕೊಳ್ಳಲಾಗದವರ ಲಕ್ಷಣ.

ಪತ್ರಿಕೆಗೆ ಪತ್ರ ಬರೆದು ಮುಗಿಸಿದೆ. 'ಸಾರ್ವಜನಿಕ ವಾಚನಾಲಯದ ಹಲಗೆಗಳನ್ನು ಹೀಗೆ ವಿರೂಪಗೊಳಿಸಿದ ವ್ಯಕ್ತಿಯ ಹೆಸರನ್ನು ಸಮಿತಿ ಕೂಡಲೇ ಬಹಿರಂಗಪಡಿಸಬೇಕು.' ಒಳ್ಳೆಯ ಪತ್ರ. ನಾಳೆ ಅಂಚೆಗೆ ಹಾಕಬೇಕು.

ಜೂನ್ ೨೦, ಶನಿವಾರ

ಮೇಷ್ಟ್ರು ಮತ್ತೆ ಬಂದರು. ಕೈಚೀಲದಿಂದ ಎರಡು ಕಬ್ಬಿಣದ ಕ್ಲ್ಯಾಂಪು ತೆಗೆದು ಮೇಜಿನ ಮೇಲಿಟ್ಟರು. ಪಟ್ಟಿ ಬಿಗಿಯಲು ಮನುಷ್ಯರನ್ನು ಕೂರಿಸಬೇಕಾಗಿಲ್ಲ ಎಂದರು. ನಾದಿನಿಗೆ ಬಡ್ತಿ ಸಿಕ್ಕಿತು, ಈಗ ಅವಳು ಹಲಗೆಯ ತುದಿ ಹಿಡಿಯುತ್ತಾಳೆ.

ಒಂದು ಹಲಗೆ ಕತ್ತರಿಸಿ ಗರಗಸ ನಿಂತ ಮೇಲೆ, ನೆಲ ನೋಡುತ್ತ ಹೇಳಿದರು: "ನಾನು ಒಳ್ಳೆ ಮುಖ ಮೇಲೆ ಇಟ್ಟುಕೊಂಡು ಕತ್ತರಿಸಿದ್ದೆ. ಗೆರೆ ಚೆನ್ನಾಗಿ ಕಾಣ್ಲಿ ಅಂತ."

ಯಾವ ಹಲಗೆ ಎಂದು ಕೇಳಿದೆ.

"ವಾಚನಾಲಯದ್ದು. ಎಲ್ಲಾನೂ ನಾನೇ. ಮಾತಾಡಿದ್ದ ಬಡಗಿ ಬರ್ಲೇ ಇಲ್ಲ, ಪುಸ್ತಕ ನೆಲದ ಮೇಲೆ ರಾಶಿ ಬಿದ್ದಿತ್ತು. ಪರೀಕ್ಷೆ ಹತ್ತಿರ, ಮಕ್ಕಳು ಬಂದು ಬಂದು ವಾಪಸ್ ಹೋಗ್ತಿದ್ರು. ಎರಡು ದಿನದಲ್ಲಿ ಮುಗಿಸಿದೆ. ಚೆನ್ನಾಗೇ ಬಂದಿದೆ ಅಂದ್ಕೊಂಡಿದ್ದೆ, ನೀವು ಬೆರಳು ತೋರಿಸೋವರೆಗೂ."

ಗುತ್ತಿಗೆದಾರನೇ ಇರಲಿಲ್ಲ. ನಾನು ಗರಗಸದ ಪ್ಲಗ್ ಕಿತ್ತೆ. ಮಾತಾಡಿದವಳು ನಾದಿನಿ. "ತಾನು ಮಾಡಿದ್ದು ಉತ್ತಮ, ಆಳು ಮಾಡಿದ್ದು ಹಾಳು ಅಂತಾರಲ್ಲ ಮೇಷ್ಟ್ರೇ, ನೀವು ಎರಡನ್ನೂ ಒಬ್ಬರೇ ಮಾಡಿಬಿಟ್ರಿ" ಎಂದಳು. ಮೇಷ್ಟ್ರು ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಇದೇ ಮೊದಲು. ಮುಂದಿನ ಹಲ್ಲು ಒಂದು ಇಲ್ಲ.

ಚಹಾ ಕುಡಿದು ಹೋದರು. ನಾಳೆಯೂ ಬರುತ್ತಾರಂತೆ.

ಜೂನ್ ೨೧, ಭಾನುವಾರ

ಪತ್ರಿಕೆಯ ಪತ್ರ ಅಂಚೆಗೆ ಹೋಗಲಿಲ್ಲ. ಸ್ಟಾಂಪಿನ ಅಂಟು ಸರಿಯಿರಲಿಲ್ಲ. ಪತ್ರದ ಹಿಂಭಾಗ ಖಾಲಿ ಇತ್ತು, ಹಲಗೆಯ ಅಳತೆಗಳನ್ನು ಅದರಲ್ಲೇ ಬರೆದುಕೊಂಡೆ.

ಜೂನ್ ೨೫, ಗುರುವಾರ

ಆರೂ ಹಲಗೆ ಮುಗಿದವು.

ಬರೆಯುತ್ತಿರುವ ಕೈಗೆ ಇನ್ನೂ ಮರದ ಹುಡಿಯ ವಾಸನೆ ಇದೆ. ಕೆಲಸ ನಡೆದದ್ದು ಹೀಗೆ: ಹಲಗೆಗಳನ್ನು ಒಳ್ಳೆಯ ಮುಖ ಕೆಳಗೆ ಮಾಡಿ ಮಲಗಿಸಿದೆವು. ಮೇಷ್ಟ್ರು ವಾಚನಾಲಯದಲ್ಲಿ ತೆಗೆದ ಅಳತೆಗಳನ್ನು ತರಗತಿಯಲ್ಲಿ ಉಕ್ತಲೇಖನ ಹೇಳಿದಂತೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದರು. "ಹಿಂದಿನ ತುದಿ. ಎಡಗಡೆ. ಕಚ್ಚು ನಾಲ್ಕು ಅಂಗುಲ." ಅವರು ಹೇಳಿದ್ದನ್ನು ಹೇಳಿದಂತೆಯೇ ಗುರುತಿಸಿದೆ. ಅದು ನನ್ನ ವೃತ್ತಿಧರ್ಮ. ಇಷ್ಟು ವರ್ಷದಲ್ಲಿ ಯಾವ ನ್ಯಾಯಾಧೀಶರ ಮಾತಿಗೂ ನಾನು ಅಡ್ಡ ಪ್ರಶ್ನೆ ಹಾಕಿದವಳಲ್ಲ. ಅವರು ಹೇಳಿದರು, ನಾನು ಗೆರೆ ಹಾಕಿದೆ, ಚಾಕು ಗೀರಿತು, ನಾದಿನಿ ಪಟ್ಟಿ ಹಚ್ಚಿದಳು, ಗರಗಸ ಓಡಿತು. ಇಡೀ ಸಂಜೆ ಕೆಲಸಕ್ಕೆ ಬೇಕಾದ ಮಾತನ್ನು ಬಿಟ್ಟು ಬೇರೆ ಮಾತಿಲ್ಲ. ಕಚ್ಚುಗಳ ಒಳಮೂಲೆಯನ್ನು ಕೈಗರಗಸದಿಂದ ಮುಗಿಸಿಕೊಟ್ಟವನು ತಮ್ಮ.

ಒಂದು ಅಂಚಿನಲ್ಲೂ ಒಂದು ನಾರೂ ಇಲ್ಲ. ಇಂಥ ಅಂಚನ್ನು ನಾನು ಆಣೆ ಮಾಡಿ ಹೇಳಬಲ್ಲೆ, ಯಾವ ಕಾರ್ಖಾನೆಯಲ್ಲೂ ನೋಡಿಲ್ಲ. ಕಾರ್ಖಾನೆಯನ್ನೇ ನೋಡಿಲ್ಲ, ಆ ಮಾತು ಬೇರೆ.

ಜೂನ್ ೨೬, ಶುಕ್ರವಾರ

ಅನರ್ಥ.

ಹಲಗೆಗಳನ್ನು ಗಾಡಿಯಲ್ಲಿ ವಾಚನಾಲಯಕ್ಕೆ ಒಯ್ದೆವು. ಮೊದಲನೆಯದನ್ನು ಒಳ್ಳೆಯ ಮುಖ ಮೇಲೆ ಮಾಡಿ ಚೌಕಟ್ಟಿನಲ್ಲಿಟ್ಟೆವು. ಕಚ್ಚು ಬಲಗಡೆ, ಕೊಳವೆ ಎಡಗಡೆ. ಎರಡನೆಯದೂ ಹಾಗೇ. ಆರೂ ಹಾಗೇ.

ಬೋರಲು ಮಲಗಿದ ಹಲಗೆಯ ಎಡ, ಅಂಗಾತ ಮಾಡಿದಾಗ ಬಲವಾಗುತ್ತದೆ. ಇದನ್ನು ಹೇಳಿದವರು ಯೋಚಿಸಲಿಲ್ಲ, ಏಕೆಂದರೆ ಅವರು ಉಕ್ತಲೇಖನ ಹೇಳುತ್ತಿದ್ದರು. ಬರೆದವಳು ಯೋಚಿಸಲಿಲ್ಲ, ಏಕೆಂದರೆ ಅವಳು ಬರೆಯುತ್ತಿದ್ದಳು. ಬೋರಲಾಗಿಯೇ ಕೂರಿಸೋಣವೆಂದರೆ ಹಿಂಭಾಗದ ಮುಖ ಗಂಟುಗಂಟು, ಪುಸ್ತಕ ಇಡುವಂಥದ್ದಲ್ಲ. ಹಾಳೆಗಳು ಮುಗಿದಿವೆ, ಇನ್ನೊಂದು ಸಲ ಕತ್ತರಿಸಲು ತುಂಡಿಲ್ಲ. ಭಾನುವಾರ ಬೆಳಗ್ಗೆ ಸಭೆ. ಸೋಮವಾರದ ಗಾಡಿಗೆ ಸಮಿತಿಯವರು ಆಗಲೇ ಹೇಳಿಬಿಟ್ಟಿದ್ದಾರೆ.

ಮೇಷ್ಟ್ರು ತಪ್ಪು ತಮ್ಮದೆಂದರು. ನಾನು ನನ್ನದೆಂದೆ. ಸ್ವಲ್ಪ ಜಗಳವೇ ಆಯಿತು.

ನಾದಿನಿ ನಡುವೆ ಬಾಯಿ ಹಾಕಿದಳು. ಅವಳೂ ಮೊದಮೊದಲು ಬಟ್ಟೆಯ ಒಳಮೈ ಹೊರಮೈ ನೋಡದೆ ಕತ್ತರಿಸಿ, ಒಂದೇ ಅಂಗಿಗೆ ಎರಡು ಬಲತೋಳು ಮಾಡಿದ್ದಳಂತೆ. "ಆಗ ಏನ್ಮಾಡಿದೆ?" ಎಂದೆ. "ಇನ್ನೊಂದು ಅಂಗಿಗೂ ಹಾಗೇ ಎರಡು ಎಡತೋಳು ಕತ್ತರಿಸಿದೆ. ಎರಡು ಅಂಗಿ ಆಯ್ತು." ನಂತರ ಬಲಮೂಲೆಯ ಕಡೆಗೆ, ಮೇಷ್ಟ್ರ ಮೇಜಿನ ಹಿಂದೆ ಇಳಿದಿರುವ ಇನ್ನೊಂದು ಕೊಳವೆಯ ಕಡೆಗೆ ಕೈ ತೋರಿಸಿದಳು. "ಅಲ್ಲಿ ಸರಿಯಾಗಿ ಕೂರುತ್ತಲ್ಲ."

ಅದು ಕಿಟಕಿಯ ಮೂಲೆ. ಇಷ್ಟು ವರ್ಷಗಳಲ್ಲಿ ಅಲ್ಲಿಂದ ಆ ಮೇಜು ಒಂದು ಅಂಗುಲ ಸರಿದದ್ದನ್ನು ನಾನು ಕಂಡಿಲ್ಲ, ಅದರ ಬಗ್ಗೆ ಎರಡು ಮನವಿಪತ್ರವನ್ನೂ ಕೊಟ್ಟಿದ್ದೇನೆ. ಮೇಷ್ಟ್ರು ಮೇಜಿನ ಡ್ರಾಯರು ಎಳೆದು ತಮ್ಮ ಪೆನ್ನು, ಮಾತ್ರೆ ಡಬ್ಬಿ, ಹಳೆಯ ಕನ್ನಡಕ ತೆಗೆದುಕೊಂಡರು. ಆಮೇಲೆ ಮೇಜಿನ ಒಂದು ತುದಿ ಹಿಡಿದು ನನ್ನ ಕಡೆ ನೋಡಿದರು.

"ಆ ಕಡೆ ಹಿಡೀತೀರಾ?"

ಹಿಡಿದೆ. ಭಾರವಾಗಿತ್ತು.

ಜೂನ್ ೨೮, ಭಾನುವಾರ

ಸಭೆಗೆ ಎಂದೂ ಬಾರದವರೂ ಬಂದಿದ್ದರು. ಎದುರು ಮನೆಯವರು ಎಲ್ಲರಿಗಿಂತ ಮುಂಚೆ. ಇಷ್ಟು ಸದ್ದು ಸಹಿಸಿಕೊಂಡಿದ್ದಕ್ಕೆ ಫಲಿತಾಂಶ ನೋಡುವ ಹಕ್ಕು ತಮಗಿದೆ ಎಂದರು. ಅದು ನ್ಯಾಯವೇ.

ಸಮಿತಿಯ ಸದಸ್ಯರು ಬೆರಳು ಓಡಿಸಿ ನೋಡಿದರು. ಒಬ್ಬರು, ಬೆರಳಿಗೆ ಏನು ಗೊತ್ತಾಗುತ್ತದೆ ಎಂದು ತಕರಾರು ತೆಗೆದರು. ನಾದಿನಿ ಇದನ್ನೇ ಕಾಯುತ್ತಿದ್ದಳು. ಮದುವೆಯ ಉಡುಪೊಂದಕ್ಕೆ ತಂದಿದ್ದ ತೆಳು ರೇಷ್ಮೆಯ ತುಂಡನ್ನು ಚೀಲದಿಂದ ತೆಗೆದು, ಮೊದಲು ಹಳೆಯ ಹಲಗೆಯೊಂದರ ಅಂಚಿನ ಮೇಲೆ ಎಳೆದಳು. ಎರಡು ಗೇಣು ಹೋಗುವಷ್ಟರಲ್ಲಿ ರೇಷ್ಮೆ ಕಚ್ಚಿಕೊಂಡು ಪರ್ರೆಂದಿತು. ಇನ್ನೊಂದು ತುಂಡನ್ನು ಹೊಸ ಹಲಗೆಯ ಅಂಚಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದಳು, ಕಚ್ಚಿನ ಒಳಗೂ ಎಳೆದಳು. ನೀರಿನ ಮೇಲೆ ಎಳೆದ ಹಾಗೆ ಹೋಯಿತು. ಆರು ಹಲಗೆ, ಎರಡೂ ಮುಖದ ಅಂಚು. ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ.

ಪುಸ್ತಕಗಳು ಇಲ್ಲೇ ಇರತಕ್ಕದ್ದೆಂದು ತೀರ್ಮಾನವಾಯಿತು. ಗಾಡಿಯವನಿಗೆ ಬೇಡವೆಂದು ಹೇಳಿ ಕಳಿಸಿದರು.

ಆಗ ಆ ತಕರಾರಿನ ಸದಸ್ಯರೇ ನನ್ನ ಕಡೆ ತಿರುಗಿ, ಹಳೆಯ ಹಲಗೆ ಹಾಳುಮಾಡಿದ ಗುತ್ತಿಗೆದಾರನ ಹೆಸರು ಕೇಳಿದ್ದಿರಲ್ಲ, ಸಿಕ್ಕಿತೇ ಎಂದರು. ಗರಗಸದ ಹಲ್ಲು ಕೆಳಗಿನಿಂದ ಮೇಲೆ ಬರುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ, ಮುಂದಿನ ವಿಷಯಕ್ಕೆ ಹೋಗೋಣ ಎಂದೆ. ಮೇಷ್ಟ್ರು ಎದ್ದು ನಿಂತರು. "ಕತ್ತರಿಸಿದ್ದು ನಾನು. ಬರ್ಕೊಳ್ಳಿ" ಎಂದರು. ಬರೆದುಕೊಂಡೆ. ಆಮೇಲೆ ಎದುರು ಮನೆಯವರು, ಹಾಗಾದರೆ ಆ ಎರಡು ದಿನದ ಸದ್ದೂ ನಿಮ್ಮದೇನಾ ಎಂದು ಕೇಳಿದರು. ಎಲ್ಲರೂ ನಕ್ಕರು. ಮೇಷ್ಟ್ರೂ.

ಸಂಜೆ ಹೋದಾಗ ಕಿಟಕಿಯ ಮೂಲೆಗೆ ಬಂದ ಕಪಾಟಿನಲ್ಲಿ ನಿಘಂಟಿನ ಸಂಪುಟಗಳು ಬೆಳಕಿಗೆ ಬೆನ್ನು ಕಾಯಿಸಿಕೊಂಡು ನಿಂತಿದ್ದವು. ಮೂರನೆಯ ಸಂಪುಟದ ಬೆನ್ನಿಗೆ ನಾದಿನಿ ಅದೇ ರೇಷ್ಮೆಯ ತೇಪೆ ಹಾಕಿದ್ದಾಳೆ, ನಿಘಂಟು ಮದುವಣಗಿತ್ತಿಯಂತಿದೆ. ಹೊರಗೆ ನಡೆದು ಹೋಗುತ್ತಿದ್ದ ಇಬ್ಬರು ಕಿಟಕಿಯಿಂದ ನೋಡಿ ಒಳಗೆ ಬಂದರು. ಎಡಮೂಲೆಯ ಕತ್ತಲಲ್ಲಿ ಮೇಷ್ಟ್ರು ಮೇಜಿನ ಮುಂದೆ ಕೂತು ಕಣ್ಣು ಕಿರಿದು ಮಾಡಿಕೊಂಡು ಬರೆಯುತ್ತಿದ್ದರು. ಅಲ್ಲೊಂದು ದೀಪ ಹಾಕಿಸಬೇಕು. ಇದರ ಬಗ್ಗೆ ಸಮಿತಿಗೆ ಮನವಿ ಕೊಡುತ್ತೇನೆ.

ಜೂನ್ ೨೯, ಸೋಮವಾರ

ಇನ್ನೂ ಐದು ಕಪಾಟುಗಳಿವೆ. ಹಾಳೆಗಳು ಶುಕ್ರವಾರ ಬರುತ್ತವೆ. ನಾದಿನಿಗೆ ಮದುವೆ ಬಟ್ಟೆಗಳ ಕೆಲಸ ತಲೆಯ ಮೇಲಿದೆ, ಅವಳನ್ನು ಇನ್ನು ಕರೆಯಬಾರದು. ಮೇಷ್ಟ್ರು ಅಳತೆ ಹೇಳುತ್ತಾರೆ, ನಾನು ಈ ಸಲ ಅಡ್ಡ ಪ್ರಶ್ನೆ ಹಾಕುತ್ತೇನೆ. ಒಂದು ಕೈ ಕಡಿಮೆ.

ಸೂಚನಾ ಫಲಕದಿಂದ ಗೋದಾಮಿನ ಸೂಚನೆಯನ್ನು, ಸಿಪ್ಪೆ ಏಳದಂತೆ, ನಿಧಾನವಾಗಿ ಹಿಂದಕ್ಕೆ ಮಡಿಸುತ್ತ ತೆಗೆದೆ. ಆ ಜಾಗದಲ್ಲಿ ಹಚ್ಚಿದ್ದರ ಪ್ರತಿ ಇದು:

'ಈ ಬೀದಿಯ ಸಮಸ್ತ ಓದುಗರಿಗೆ. ಐದು ಕಪಾಟುಗಳ ಹಲಗೆಗಳು ಇಂದಿಗೂ ಸಿಬಿರು ಕಾರುತ್ತಿವೆ. ಇದು ಎಲ್ಲರಿಗೂ ತಿಳಿದಿದೆ, ಎಲ್ಲರ ಬೆರಳಿಗೂ ತಿಳಿದಿದೆ. ಗೆರೆ ಹಾಕುವ ಕೈ ಇದೆ, ಗರಗಸ ಹಿಡಿಯುವ ಕೈ ಇದೆ. ಶನಿವಾರ ಸಂಜೆ ನಾಲ್ಕು ಗಂಟೆಗೆ ಹಲಗೆಯ ಇನ್ನೊಂದು ತುದಿ ಹಿಡಿಯುವವರು ಯಾರು? ಉತ್ತರವನ್ನು ಇದೇ ಫಲಕದ ಮೇಲೆ, ಸಾರ್ವಜನಿಕರಿಗೆ ಕಾಣುವಂತೆ, ಸ್ವಂತ ಕೈಬರಹದಲ್ಲಿ ಹೆಸರು ಸಹಿತ ಬರೆಯತಕ್ಕದ್ದು. "ನೋಡೋಣ" ಎಂಬ ಉತ್ತರವನ್ನು ಸ್ವೀಕರಿಸಲಾಗುವುದಿಲ್ಲ.'